ಧಾನ್ಯದ ಹೆಸರಿನಲ್ಲಿ ಏಕಾಂತವಾದ

‘ಮ್ಯಾಕ್ರೋಬಯಾಟಿಕ್’ ಎಂಬ ಆಹಾರಪದ್ಧತಿಯು ಅಹಿಂಸಾಧರ್ಮದ ಆಹಾರಕ್ಕೆ ಸಮೀಪವಾದುದೆಂದು ಹೊಗಳುವವರಿದ್ದಾರೆ. ತವುಡು ತೆಗೆಯದ ಅಕ್ಕಿ, ಮಿತಾಹಾರ, ಸಕ್ಕರೆ ಮತ್ತು ಮಾಂಸಗಳ ವರ್ಜನೆ ಎಂದೊಡನೆ ಶ್ರಾವಕನ ಮನಸ್ಸು ಅತ್ತ ಒಲಿಯುವುದು ಸಹಜ. ಆದರೆ ಒಲಿಯುವ ಮುನ್ನ ಅದರ ಮೂಲವನ್ನೂ ತತ್ತ್ವವನ್ನೂ ಪರೀಕ್ಷಿಸುವುದು ವಿವೇಕಿಗಳ ಲಕ್ಷಣ.

ಹೆಸರು ಗ್ರೀಕ್ ಮೂಲದ್ದು. ‘ಮ್ಯಾಕ್ರೋಸ್’ ಎಂದರೆ ದೀರ್ಘ, ‘ಬಯೋಸ್’ ಎಂದರೆ ಜೀವನ. ಹದಿನೆಂಟನೆಯ ಶತಮಾನದ ಕೊನೆಯಲ್ಲಿ ಜರ್ಮನಿಯ ವೈದ್ಯ ಹೂಫೆಲಾಂಡನು ದೀರ್ಘಾಯುಷ್ಯವನ್ನು ಕುರಿತ ತನ್ನ ಗ್ರಂಥದಿಂದ ಈ ಪದವನ್ನು ಪ್ರಸಿದ್ಧಿಗೆ ತಂದನು. ಪದ್ಧತಿಯಾದರೋ ಜಪಾನಿನದು. ಸೈನ್ಯದ ವೈದ್ಯನಾಗಿದ್ದ ಇಶಿಜುಕಾ ಸಾಗೆನ್ (1851–1909) ಎಂಬಾತನು, ಆಹಾರದಲ್ಲಿರುವ ಸೋಡಿಯಂ ಮತ್ತು ಪೊಟಾಶಿಯಂಗಳ ಸಮತೋಲವೇ ಆರೋಗ್ಯದ ಮೂಲವೆಂದು ವಾದಿಸಿದನು. ಪಾಲಿಶ್ ಮಾಡಿದ ಅಕ್ಕಿಯನ್ನೇ ನಂಬಿದ್ದ ಅಂದಿನ ಜಪಾನನ್ನು ಬೆರಿಬೆರಿ ರೋಗವು ಕಾಡುತ್ತಿತ್ತು. ಆದುದರಿಂದ ತವುಡುಳ್ಳ ಅಕ್ಕಿಯ ಉಪದೇಶದಲ್ಲಿ ಸತ್ಯಾಂಶವಿತ್ತು. ಜಾರ್ಜ್ ಓಸಾವಾ (1893–1966) ಎಂಬಾತನು ಈ ವಾದಕ್ಕೆ ಚೀನದ ‘ಯಿನ್–ಯಾಂಗ್’ ತತ್ತ್ವವನ್ನು ಹೊಂದಿಸಿ, ಪ್ರತಿಯೊಂದು ಪದಾರ್ಥವನ್ನೂ ಈ ಎರಡು ಶಕ್ತಿಗಳ ತಕ್ಕಡಿಯಲ್ಲಿ ತೂಗಿದನು.

ಇಡೀ ಧಾನ್ಯ, ಬೇಳೆ, ತರಕಾರಿಗಳನ್ನು ಹೆಚ್ಚಾಗಿ ತಿನ್ನಬೇಕು, ಆಯಾ ಋತುವಿನಲ್ಲಿ ನೆರೆಹೊರೆಯ ನೆಲದಲ್ಲಿ ಬೆಳೆದುದನ್ನೇ ಉಣ್ಣಬೇಕು, ಚೆನ್ನಾಗಿ ಅಗಿಯಬೇಕು. ಇವೆಲ್ಲ ಒಳ್ಳೆಯ ಮಾತುಗಳೇ. ಆದರೆ ಇವನ್ನು ಕಲಿಯಲು ನಮ್ಮ ಅಡಿಗೆಮನೆಗಳು ಜಪಾನಿಗೆ ಹೋಗಬೇಕಾಗಿಲ್ಲ. ನೆರೆಯ ನೆಲದ ಬೆಳೆಯನ್ನು ಕೊಂಡಾಡುವ ಈ ಪದ್ಧತಿಯೇ ಹೋದ ದೇಶಗಳಿಗೆಲ್ಲ ಜಪಾನಿನ ಮಿಸೋ, ಸಮುದ್ರಪಾಚಿ, ಉಪ್ಪುಹಾಕಿದ ಉಮೆಬೋಶಿ ಹಣ್ಣುಗಳನ್ನು ಹೊತ್ತುಕೊಂಡು ಹೋದುದು ವಿಚಿತ್ರವಲ್ಲವೇ?

ದೋಷವಿರುವುದು ಧಾನ್ಯದಲ್ಲಲ್ಲ, ಹಟದಲ್ಲಿ. ಓಸಾವಾನು ಆಹಾರಕ್ರಮಗಳನ್ನು ಮೆಟ್ಟಿಲುಗಳಂತೆ ಜೋಡಿಸಿ, ‘ಏಳನೆಯ ಸಂಖ್ಯೆ’ ಎಂಬ ಮೇಲಿನ ಮೆಟ್ಟಿಲಿನಲ್ಲಿ ಕೇವಲ ಧಾನ್ಯವನ್ನು ಇರಿಸಿದನು, ನೀರನ್ನೂ ಮಿತಗೊಳಿಸಬೇಕೆಂದನು. ಅದನ್ನು ಕಟ್ಟುನಿಟ್ಟಾಗಿ ಅನುಸರಿಸಿದ ತರುಣಿಯೊಬ್ಬಳು 1965ರಲ್ಲಿ ಅಮೆರಿಕದ ನ್ಯೂಜೆರ್ಸಿಯಲ್ಲಿ ಕೃಶಳಾಗಿ ಮರಣಹೊಂದಿದಳು. ಇಂಥ ಆಹಾರದಿಂದ ಸ್ಕರ್ವಿ ರೋಗ ಬಂದ ಪ್ರಸಂಗವೂ ವೈದ್ಯರ ಗಮನಕ್ಕೆ ಬಂದಿತು. 1971ರಲ್ಲಿ ಅಮೆರಿಕದ ವೈದ್ಯಕೀಯ ಸಂಘದ ಆಹಾರ ಸಮಿತಿಯು ಈ ಕಠೋರ ಕ್ರಮಗಳ ಅಪಾಯವನ್ನು ಬಹಿರಂಗವಾಗಿ ಸಾರಿತು.

ಮಕ್ಕಳ ಪಾಡು ಇನ್ನೂ ಚಿಂತನೀಯ. 1980ರ ದಶಕದಲ್ಲಿ ನೆದರ್‌ಲೆಂಡ್ಸ್‌ನ ಸಂಶೋಧಕರು ಈ ಪದ್ಧತಿಯ ಕುಟುಂಬಗಳ ಎಳೆಯ ಮಕ್ಕಳನ್ನು ಪರೀಕ್ಷಿಸಿದಾಗ ಬೆಳವಣಿಗೆಯ ಕುಂಠಿತ, ರಿಕೆಟ್ಸ್, ಬಿ-12 ಜೀವಸತ್ತ್ವದ ಕೊರತೆಗಳು ಕಂಡುಬಂದವು. ಪಾಚಿಯಿಂದ ಬಿ-12 ದೊರೆಯುವುದೆಂಬ ಭರವಸೆಯೂ ಹುಸಿಯಾಯಿತು. ಶಾಕಾಹಾರಿಗಳಿಗೆ ಬಿ-12 ಒದಗಿಸುವ ಮುಖ್ಯ ಪದಾರ್ಥ ಹಾಲು. ಮ್ಯಾಕ್ರೋಬಯಾಟಿಕ್ ಅದನ್ನೂ ದೂರವಿಡುತ್ತದೆ! ಮಾಂಸವನ್ನು ಮುಟ್ಟದ ಜೈನ ಕುಟುಂಬವು ಹಾಲನ್ನೂ ಬಿಟ್ಟರೆ ಉಳಿಯುವುದೇನು? ಅಹಿಂಸೆಯ ಭಾವದಿಂದಲೇ ಹಾಲನ್ನು ತ್ಯಜಿಸುವವರೂ ವೈದ್ಯರ ಸಲಹೆಯಂತೆ ಆ ಜೀವಸತ್ತ್ವವನ್ನು ಬೇರೆ ರೂಪದಲ್ಲಿ ಸೇವಿಸಲೇಬೇಕು.

ಎಲ್ಲಕ್ಕಿಂತ ಘೋರವಾದುದು ರೋಗನಿವಾರಣೆಯ ಆಶ್ವಾಸನೆ. ಓಸಾವಾನ ಶಿಷ್ಯ ಮಿಚಿಯೋ ಕುಶಿ ಈ ಪದ್ಧತಿಯನ್ನು ಅಮೆರಿಕದಲ್ಲಿ ಹರಡಿದರು. ಕ್ಯಾನ್ಸರಿಗೂ ಆಹಾರವೇ ಉತ್ತರವೆಂಬ ನಂಬಿಕೆ ಅವರ ಬೋಧನೆಯ ಸುತ್ತ ಬೆಳೆಯಿತು. ಅವರ ಪತ್ನಿ ಅವೆಲೀನ್ 2001ರಲ್ಲಿಯೂ ಅವರು 2014ರಲ್ಲಿಯೂ ಕ್ಯಾನ್ಸರಿನಿಂದಲೇ ನಿಧನರಾದರು. ಯಾರ ಸಾವೂ ಹೀಯಾಳಿಕೆಯ ವಸ್ತುವಲ್ಲ. ಆದರೆ ಈ ಆಹಾರವು ಕ್ಯಾನ್ಸರನ್ನು ಗುಣಪಡಿಸುವುದೆಂಬುದಕ್ಕೆ ನಂಬತಕ್ಕ ಪುರಾವೆ ಇಂದಿಗೂ ಇಲ್ಲ ಎಂಬುದನ್ನು ರೋಗಿಗೆ ತಿಳಿಸದಿರುವುದು ಅಸತ್ಯ. ಚಿಕಿತ್ಸೆಯನ್ನು ತಪ್ಪಿಸುವುದು ಹಿಂಸೆ.

ಇದು ನಮ್ಮ ಆಹಾರಧರ್ಮಕ್ಕೆ ಸಮೀಪವೆಂಬ ಮಾತೂ ನಿಲ್ಲುವುದಿಲ್ಲ. ಗಜ್ಜರಿ, ಮೂಲಂಗಿ, ಈರುಳ್ಳಿಗಳು ಅಲ್ಲಿ ಆದರಣೀಯ. ಮೀನೂ ಆಗಾಗ ಸಲ್ಲುತ್ತದೆ. ಅಲ್ಲಿನ ಪ್ರಶ್ನೆ ‘ಇದು ನನ್ನ ದೇಹದ ಸಮತೋಲಕ್ಕೆ ಒಪ್ಪುವುದೇ?’ ಎಂಬುದು. ಶ್ರಾವಕನ ಪ್ರಶ್ನೆ ‘ಇದರಿಂದ ಎಷ್ಟು ಜೀವಗಳಿಗೆ ನೋವು?’ ಎಂಬುದು. ರೋಗಕ್ಕೆ ಅನುವಂಶ, ಸೋಂಕು, ವಯಸ್ಸು, ದುಡಿಮೆ, ಆಹಾರ ಮೊದಲಾದ ಹಲವು ಕಾರಣಗಳಿರುವಾಗ ಒಂದನ್ನೇ ಹಿಡಿದು ಸಾಧಿಸುವುದು ಏಕಾಂತವಾದ. ಅನೇಕಾಂತದ ಮಕ್ಕಳಿಗೆ ಅದು ಶೋಭಿಸದು.

ಆದುದರಿಂದ ಬಸದಿಯ ಸಭಾಂಗಣದಲ್ಲಿ ಯಾವುದೇ ಆಹಾರಪದ್ಧತಿಯ ಉಪನ್ಯಾಸಕ್ಕೆ ಅವಕಾಶ ಕೊಡುವ ಮುನ್ನ ಟ್ರಸ್ಟಿನವರು ಎರಡು ನಿಬಂಧನೆಗಳನ್ನು ವಿಧಿಸಲಿ: ರೋಗ ಗುಣವಾಗುವುದೆಂಬ ಆಶ್ವಾಸನೆ ಕೂಡದು, ನಡೆಯುತ್ತಿರುವ ಔಷಧವನ್ನು ನಿಲ್ಲಿಸುವ ಉಪದೇಶ ಕೂಡದು. ತಾಯಂದಿರು ಮಗುವಿನ ತೂಕದ ಲೆಕ್ಕವನ್ನು ಯಿನ್–ಯಾಂಗಿಗೆ ಒಪ್ಪಿಸದೆ ವೈದ್ಯರಿಗೆ ಒಪ್ಪಿಸಲಿ. ಇರುವೆಗೂ ನೋವಾಗದಂತೆ ನಡೆಯುವ ಮನೆಯಲ್ಲಿ, ಹಸಿದ ಮಗುವೂ ನರಳುವ ರೋಗಿಯೂ ಜೀವದಯೆಗೆ ಮೊದಲ ಹಕ್ಕುದಾರರು.