ವ್ಯಾಟ್ ಹೆಚ್ಚು ಮಾಡೋದು ಬಿಡ್ರಿ, ಮೊದಲು ಆಂಟೆನಾ ಸರಿ ಮಾಡ್ಕೊಳ್ರಿ

ಇವತ್ತಿನ ಬರಹ ಬೆಳೆ ಬಗ್ಗೆ ಅಲ್ಲ, ಬೆಳೆ ಕಟಾವು ಮಾಡೋ ಗಾಡಿ ಬಗ್ಗೆ. ಸ್ವಲ್ಪ ಉದ್ದ ಐತಿ, ಪೂರ್ತಿ ಓದ್ರಿ.

ಹೋದ ವರ್ಷ ಭತ್ತದ ಕಟಾವಿನ ಟೈಮು. ರಾತ್ರಿ ಹತ್ತರ ಮೇಲೆ ಆಗಿತ್ತು. ಮಶಿನ್ ಒಂದು ಕಡೆ ಓಡ್ತಿತ್ತು, ನಮ್ಮ ಟ್ರ್ಯಾಕ್ಟರ್ ಟ್ರಾಲಿ ಹಿಂದಕ್ಕೆ ತಗೊಳ್ತಿದ್ರು. ಹಮಾಲಿಗೆ ಬಂದ ಹುಡುಗ ಟ್ರಾಲಿ ಹಿಂದೆ ಬಗ್ಗಿ ಹಗ್ಗ ಬಿಗಿಯಾಕತ್ತಿದ್ದ. ನಾನು ಬದುವಿನ ಮೇಲಿಂದ ಕೂಗಿದೆ, ಕೇಳಲಿಲ್ಲ. ಡ್ರೈವರ್‌ಗೆ ಫೋನ್ ಹಚ್ಚಿದೆ. ಅಂಗಿ ಕಿಸೆಯೊಳಗೆ ಫೋನ್ ಬಡ್ಕೊಂತು, ಎರಡು ಇಂಜಿನ್ ಸದ್ದಿನಾಗ ಅವನಿಗೆ ಏನು ಕೇಳಬೇಕು? ಹುಡುಗ ಕಡೇ ಗಳಿಗೆಗೆ ಜಿಗಿದ. ಅವತ್ತು ಚಪ್ಪಲಿ ಹೋಯ್ತು, ಕಾಲು ಉಳೀತು. ಆ ರಾತ್ರಿ ನನಗೆ ನಿದ್ದೆ ಬರಲಿಲ್ಲ.

ಆಮೇಲೆ ನನ್ನ ತಮ್ಮನ ಮಗ ಎರಡು ಗಾಡಿ ರೇಡಿಯೋ ತರಿಸಿದ. 27 ಮೆಗಾಹರ್ಟ್ಸ್‌ನ ಸಿಬಿ ಸೆಟ್. ಮ್ಯಾಗ್ನೆಟ್ ಆಂಟೆನಾವನ್ನು ಟ್ರ್ಯಾಕ್ಟರ್ ಟಾಪ್ ಮೇಲೆ ಇಟ್ಟ, ಜಾರಿತು. ಟಾಪ್ ಫೈಬರಿಂದು, ಮ್ಯಾಗ್ನೆಟ್ ಹೆಂಗ ಹಿಡೀತದ? ಟೇಪ್ ಸುತ್ತಿ ನಿಲ್ಲಿಸಿದ. ಎರಡು ಹೊಲ ದಾಟಿದ್ರ ಮಾತು ಬರೀ ಗೊರಗೊರ. "ದೊಡ್ಡಪ್ಪ, ಪವರ್ ಸಾಲ್ತಿಲ್ಲ, ಇನ್ನೊಂದು ಬೂಸ್ಟರ್ ತರಿಸೋಣ" ಅಂದ.

ಇಲ್ಲೇ ನನ್ನ ತಕರಾರು. ನಾವು ರೈತರು ಎಲ್ಲದಕ್ಕೂ ಪವರ್ ಹೆಚ್ಚು ಮಾಡಿದ್ರ ಸರಿ ಹೋಗ್ತದ ಅನ್ಕೊಂಡೀವಿ. ಬೋರ್‌ನಾಗ ನೀರು ಇಳಿದ್ರ ದೊಡ್ಡ ಮೋಟರ್, ಇಳುವರಿ ಇಳಿದ್ರ ಇನ್ನೊಂದು ಚೀಲ ಯೂರಿಯಾ. ಪೈಪ್ ಒಡೆದು ನೀರು ಸೋರ್ತಿರುವಾಗ ಮೋಟರ್ ದೊಡ್ಡದು ಮಾಡಿದ್ರ ಏನು ಬಂತು?

ಪರಿಚಯದ ಒಬ್ಬರು ಹ್ಯಾಮ್ ಲೈಸೆನ್ಸ್ ಇರೋರು. ಅವರು ಮೀಟರ್ ತಂದು ಸೆಟ್ಟಿಗೂ ಆಂಟೆನಾಕ್ಕೂ ನಡುವೆ ಹಾಕಿ ನೋಡಿದ್ರು. ಎಸ್‌ಡಬ್ಲ್ಯೂಆರ್ 3 ತೋರಿಸ್ತು. ಅಂದ್ರ ಸೆಟ್ ಕಳಿಸಿದ ಶಕ್ತಿಯ ನಾಲ್ಕನೇ ಒಂದು ಭಾಗ ಆಂಟೆನಾದಿಂದ ವಾಪಸ್ ಬರಾಕತ್ತಿತ್ತು. ಇದು 2 ಇದ್ರ ಸುಮಾರು 11% ವಾಪಸ್, 1.5 ಇದ್ರ 4% ಮಾತ್ರ. ಇಂಥಾದ್ರಾಗ ಬೂಸ್ಟರ್ ಹಾಕಿದ್ರ ವಾಪಸ್ ಬರೋದೂ ಹೆಚ್ಚಾಗಿ ಸೆಟ್ಟೇ ಸುಡ್ತದ.

ಕಾರಣ ಸರಳ. 27 ಮೆಗಾಹರ್ಟ್ಸ್ ಅಲೆಯ ಉದ್ದ ಸುಮಾರು 11 ಮೀಟರ್. ಅದರ ಕಾಲು ಭಾಗ ಅಂದ್ರ 9 ಅಡಿ ಕಡ್ಡಿ ಬೇಕು. ಗಿಡ್ಡ ಆಂಟೆನಾದಾಗ ಉಳಿದ ಉದ್ದದ ಕೆಲಸವನ್ನು ತಂತಿ ಸುರುಳಿ ಮಾಡ್ತದ. ಆದ್ರ ಕಡ್ಡಿ ಅರ್ಧ ಆಂಟೆನಾ ಅಷ್ಟೇ. ಇನ್ನರ್ಧ ಅದರ ಕೆಳಗಿನ ಕಬ್ಬಿಣದ ತಗಡು. ಫೈಬರ್ ಮೇಲೆ ಇಟ್ರ ಆ ಇನ್ನರ್ಧ ಇಲ್ಲವೇ ಇಲ್ಲ.

ನಾವು ಮಾಡಿದ್ದು ಇಷ್ಟು. ಕಬ್ಬಿಣದ ಫ್ರೇಮಿಗೆ ಬ್ರಾಕೆಟ್ ಬೋಲ್ಟ್ ಮಾಡಿದ್ವಿ. ಬೋಲ್ಟ್ ಕೂಡೋ ಜಾಗದಾಗ ಬಣ್ಣ ಕೆರೆದು ಬರೀ ಲೋಹ ತಾಗೋ ಹಂಗ ಮಾಡಿ, ಮೇಲೆ ಗ್ರೀಸ್ ಹಚ್ಚಿದ್ವಿ, ತುಕ್ಕು ಹಿಡಿಬಾರದು ಅಂತ. ಫ್ರೇಮಿನಿಂದ ಚಾಸಿಗೆ ದಪ್ಪ ಅರ್ಥ್ ಪಟ್ಟಿ ಕೊಟ್ವಿ. ಕೇಬಲ್ ಎಲ್ಲೂ ಜಜ್ಜದಂಗ ಕಟ್ಟಿದ್ವಿ.

ಆಮೇಲೆ ಟ್ಯೂನಿಂಗ್. ತಗಡಿನ ಶೆಡ್ಡು, ಕರೆಂಟ್ ತಂತಿಯಿಂದ ದೂರ ಬಯಲಿಗೆ ಗಾಡಿ ತಂದು, 1, 14, 27ನೇ ಚಾನೆಲ್‌ನಾಗ ಮೀಟರ್ ನೋಡಿದ್ವಿ. ಮೇಲಿನ ಚಾನೆಲ್‌ನಾಗ ಮುಳ್ಳು ಹೆಚ್ಚು ತೋರಿಸಿದ್ರ ಕಡ್ಡಿ ಉದ್ದ ಆಗೇತಿ ಅಂತ, ಕೆಳಗಿನದರಾಗ ಹೆಚ್ಚು ಇದ್ರ ಗಿಡ್ಡ ಅಂತ. ಕಡ್ಡಿ ಕತ್ತರಿಸೋದಿದ್ರ ಒಂದು ಸಲಕ್ಕೆ 2-3 ಮಿಲಿಮೀಟರ್ ಮಾತ್ರ. ಕತ್ತರಿಸಿದ್ದು ಮತ್ತೆ ಕೂಡಂಗಿಲ್ಲ. ಆಂಟೆನಾ ಬಿಚ್ಚಿದಾಗ ಅಪ್ಪಿತಪ್ಪಿಯೂ ಮೈಕಿನ ಬಟನ್ ಒತ್ತಬೇಡ್ರಿ. ಸಂಜೆ ಹೊತ್ತಿಗೆ 1.4ಕ್ಕೆ ಬಂತು. ಅದೇ ಸೆಟ್, ಅದೇ ಪವರ್, ಕಾಲುವೆ ಆಚೆಯಿಂದ ಮಾತು ಕ್ಲಿಯರ್.

ಈಗ ಕಾನೂನಿನ ಮಾತು, ಇದನ್ನ ಹಗುರ ತಗೋಬೇಡ್ರಿ. ನಮ್ಮ ದೇಶದಾಗ 26.957ರಿಂದ 27.283 ಮೆಗಾಹರ್ಟ್ಸ್‌ವರೆಗೆ, 5 ವ್ಯಾಟ್ ಮೀರದ ಉಪಕರಣಕ್ಕೆ 2005ರಿಂದ ಲೈಸೆನ್ಸ್ ಬೇಡ. ಹೊರದೇಶದ 40 ಚಾನೆಲ್ ಸೆಟ್ 27.405ರವರೆಗೆ ಹೋಗ್ತದ. ಅಂದ್ರ 27ನೇ ಚಾನೆಲ್ ದಾಟಿದ್ದು ನಮ್ಮ ವಿನಾಯಿತಿಯ ಹೊರಗೆ. ಬೂಸ್ಟರ್ ಅಂತೂ ಹೊರಗೇ. ಸೆಟ್ಟಿಗೆ ಟೈಪ್ ಅಪ್ರೂವಲ್ ಐತೇನು ಕೇಳ್ರಿ. ಅದರಾಗ ಆಂಟೆನಾ ಒಳಗೇ ಇರೋದು ಅಂತಿದ್ರ ಹೊರಗಿಂದು ಹಚ್ಚಬೇಡ್ರಿ. ಆನ್‌ಲೈನ್‌ನಾಗ ಅಗ್ಗಕ್ಕೆ ಸಿಗೋ, ಎಲ್ಲಾ ಫ್ರೀಕ್ವೆನ್ಸಿ ಹಿಡಿಯೋ ವಾಕಿಟಾಕಿ ತಂದು ಯಾವುದೋ ಇಲಾಖೆಯ ಮಾತಿನ ಮೇಲೆ ಮಾತಾಡಿ ಸಿಕ್ಕಿಬೀಳಬೇಡ್ರಿ. ಹ್ಯಾಮ್ ಲೈಸೆನ್ಸ್ ಪರೀಕ್ಷೆ ಬರೆದು ತಗೊಳ್ಳೋದು ಒಳ್ಳೇದೇ, ಆದ್ರ ಅದು ಬಾಡಿಗೆ ಮಶಿನ್ ವ್ಯವಹಾರಕ್ಕಲ್ಲ.

ಇನ್ನೊಂದು. ಹೊಲದೊಳಗಿನ 200 ಮೀಟರ್ ಮಾತಿಗೆ ಗಾಡಿ ಆಂಟೆನಾ ಬೇಕಾಗಿಲ್ಲ. 446.0ರಿಂದ 446.2 ಮೆಗಾಹರ್ಟ್ಸ್‌ನ ಕೈಸೆಟ್ ಲೈಸೆನ್ಸ್ ಇಲ್ಲದೆ ಬಳಸಬಹುದು, ಅದಕ್ಕೂ ಅಪ್ರೂವಲ್ ಇರಬೇಕು. ಟ್ರಾಲಿ ಹಿಂದಿನ ಹುಡುಗನ ಕೈಯಾಗ ಒಂದು, ಡ್ರೈವರ್ ಹತ್ರ ಒಂದು, ಮುಗೀತು. ಗಾಡಿ ಸೆಟ್ ಬೇಕಾಗೋದು ಮಶಿನ್ ಒಂದು ಕಡೆ, ಟ್ರ್ಯಾಕ್ಟರ್ ಇನ್ನೊಂದು ಕಡೆ ದೂರ ಇದ್ದಾಗ. ಮತ್ತ 9 ಅಡಿ ಕಡ್ಡಿ ಹಾಕೋರು ಹೊಲದ ಮೇಲೆ ಜೋತುಬಿದ್ದ ಕರೆಂಟ್ ತಂತಿ ಮರೀಬೇಡ್ರಿ. ಟ್ರ್ಯಾಕ್ಟರ್ ಎತ್ತರದ ಮೇಲೆ 9 ಅಡಿ ಅಂದ್ರ ಜೀವದ ಪ್ರಶ್ನೆ. ಗಿಡ್ಡ ಆಂಟೆನಾನೇ ವಾಸಿ.

"ಫೋನ್ ಇರುವಾಗ ಇದೆಲ್ಲಾ ಯಾಕ?" ಅಂತ ಕೇಳ್ತೀರಿ. ಫೋನ್ ಎತ್ತಬೇಕು, ಟವರ್ ಇರಬೇಕು. ಕೃಷ್ಣಾ ದಂಡಿಯ ಹೊಲಗಳಲ್ಲಿ ಸಿಗ್ನಲ್ ಹುಡುಕಿ ಬದು ಏರೋದು ಗೊತ್ತಿದ್ದೋರಿಗೆ ಗೊತ್ತು. ರೇಡಿಯೋ ಎತ್ತೋದೇ ಬೇಡ, ಬಟನ್ ಒತ್ತಿದ್ರ ಸ್ಪೀಕರ್‌ನಾಗ ಮಾತು.

ನನ್ನ ಅಭಿಪ್ರಾಯ ಇಷ್ಟು: ಕೃಷಿ ಯಂತ್ರಧಾರೆ ಕೇಂದ್ರದಿಂದ ದೊಡ್ಡ ಮಶಿನ್ ಬಾಡಿಗೆ ಕೊಡುವಾಗ ಜೊತೆಗೆ ಒಂದು ಜೋಡಿ ಕಾನೂನಿನ ಕೈಸೆಟ್ಟೂ ಕೊಡಲಿ. ರಾಯಚೂರು ಕೃಷಿ ವಿಶ್ವವಿದ್ಯಾಲಯದ ಮೇಳದಾಗ ಬಿತ್ತನೆ ಬೀಜದ ಮಳಿಗೆ ಪಕ್ಕ ಇದಕ್ಕೂ ಒಂದು ಮಳಿಗೆ ಇರಲಿ. ಲಕ್ಷಗಟ್ಟಲೆ ಮಶಿನ್ ಹತ್ರ ಕೆಲಸ ಮಾಡೋ ಕೂಲಿಯವನ ಕಾಲಿಗೆ ಅಷ್ಟಾದ್ರೂ ಬೆಲೆ ಕೊಡೋಣ.

ನಮ್ಮ ಹೊಲದಾಗ ಈ ಸಲ ಒಂದೇ ನಿಯಮ. ಹಿಂದಿನ ಹುಡುಗ "ಬಿಡ್ರಿ" ಅನ್ನೋವರೆಗೆ ಟ್ರಾಲಿ ಅಲ್ಲಾಡಂಗಿಲ್ಲ. ಸೆಟ್ ಕೆಟ್ಟಿರಲಿ, ಬ್ಯಾಟರಿ ಹೋಗಿರಲಿ, ಮಾತು ಕೇಳಲಿಲ್ಲ ಅಂದ್ರ ಬ್ರೇಕ್ ಮೇಲೆ ಕಾಲು. ಆಮೇಲೆ ಇಳಿದು ಹೋಗಿ ಕಣ್ಣಾರೆ ನೋಡ್ರಿ.

ನಿಮ್ಮ ಕಡೆ ಹೆಂಗ ಮಾಡ್ತೀರಿ, ತಿಳಿಸ್ರಿ.