ಸಿಪಾಯಿಯ ಊರು ಯಾವುದು?

ಅಮೆರಿಕದ ಸೈನ್ಯಕ್ಕೆ ಸೇರುವ ಹುಡುಗ ರುಜು ಹಾಕುವ ಕರಾರುಪತ್ರಕ್ಕೆ ಡಿಡಿ ಫಾರಂ 4 ಎಂದು ಹೆಸರು. ಅದರ ಆರಂಭದಲ್ಲೇ, ಹೆಸರಿನ ಆಸುಪಾಸಿನಲ್ಲಿ, ಒಂದು ಚಿಕ್ಕ ಅಂಕಣವಿದೆ: ‘ಹೋಮ್ ಆಫ್ ರೆಕಾರ್ಡ್’. ನಮ್ಮ ಮಾತಿನಲ್ಲಿ ಹೇಳುವುದಾದರೆ ‘ದಾಖಲೆಯ ಊರು’. ಹದಿನೆಂಟು ಹತ್ತೊಂಬತ್ತರ ಹುಡುಗ ಆ ಕಾಲಕ್ಕೆ ಎಲ್ಲಿ ತಂಗಿರುತ್ತಾನೋ ಆ ವಿಳಾಸವನ್ನೇ ಹೇಳಿ ಬರೆಸಿಬಿಟ್ಟಾನು. ಆ ಬಳಿಕ ಸೇವೆ ಮುಗಿಯುವವರೆಗೂ ಆ ಒಂದು ಸಾಲು ಅವನನ್ನು ಬಿಡುವುದಿಲ್ಲ. ಅದನ್ನು ಬದಲಾಯಿಸಿಕೊಡಿರೆಂದು ಕೇಳುವ ಸಿಪಾಯಿಗೆ ನಿಯಮ ಕೊಡುವ ಉತ್ತರದಲ್ಲಿ ಲೆಕ್ಕವಿದೆ, ನ್ಯಾಯವಿಲ್ಲ ಎಂಬುದು ನನ್ನ ವಾದ.

ದೂರದ ದೇಶದ ಫಾರಮ್ಮಿನ ಗೊಡವೆ ನಮಗೇಕೆಂದು ಓದುಗರು ಕೇಳಬಹುದು. ಭಾರತದಿಂದ ಹೋಗಿ ಅಲ್ಲಿ ನೆಲೆಸಿದ ಮನೆತನಗಳ ಮಕ್ಕಳೂ ಆ ಸೈನ್ಯದಲ್ಲಿದ್ದಾರೆಂಬುದು ಒಂದು ಕಾರಣ. ಇನ್ನೊಂದು ನನ್ನದೇ ಕಾರಣ. ಸಿಬ್ಬಂದಿ ಶಾಖೆಯಲ್ಲಿ ಸರ್ವೀಸ್ ಪುಸ್ತಕಗಳ ನಡುವೆ ಮೂವತ್ತು ವರ್ಷ ಹೊಟ್ಟೆ ಹೊರೆದವನು ನಾನು. ಫಾರಂ ಯಾವ ದೇಶದ್ದಾದರೇನು, ಅದರ ಜಾತಿ ಒಂದೇ. ಬರೆಯುವುದಕ್ಕೆ ಎರಡು ನಿಮಿಷ, ತಿದ್ದುವುದಕ್ಕೆ ಎರಡು ವರ್ಷ.

ನಿಯಮ ಹೀಗಿದೆ. ಸೇವೆಗೆ ಸೇರುವಾಗ ದಾಖಲಾದ ಊರೇ ಊರು. ಅವಧಿ ಮುಗಿದು ಮತ್ತೆ ಕರಾರು ಮಾಡಿಕೊಂಡರೂ ಹಳೆಯದೇ ಮುಂದುವರಿಯುತ್ತದೆ. ಸೇವೆಯಲ್ಲಿ ಒಂದು ಪೂರ್ಣ ದಿನಕ್ಕಿಂತ ಹೆಚ್ಚಿನ ಕಡಿತ ಬಿದ್ದರೆ, ಎಂದರೆ ಬಿಡುಗಡೆ ಹೊಂದಿ ಪುನಃ ಸೇರಿದರೆ, ಆಗ ಮಾತ್ರ ಹೊಸ ಊರನ್ನು ಬರೆಸಬಹುದು. ಅದಿಲ್ಲವಾದರೆ, ಮೊದಲ ದಿನ ಬರೆದದ್ದೇ ತಪ್ಪೆಂದು ರುಜುವಾತು ಕೊಡಬೇಕು. ‘ಅಂದು ಸರಿಯಾಗಿತ್ತು, ಇಂದು ಸರಿಯಲ್ಲ’ ಎಂಬ ಮಾತು ಅಲ್ಲಿ ನಡೆಯದು. ಮನೆ ಎಂಬುದು ಬದಲಾಗಬಲ್ಲ ವಸ್ತುವೆಂದು ಆ ನಿಯಮ ಒಪ್ಪುವುದಿಲ್ಲ.

ರುಜುವಾತಿನ ದಾರಿಯನ್ನೂ ಸ್ವಲ್ಪ ನೋಡಿರಿ. ಹಿಂದೆ ಸೈನಿಕನೊಬ್ಬನ ದಾಖಲೆಯನ್ನು ತಿದ್ದಬೇಕಾದರೆ ಅಮೆರಿಕದ ಸಂಸತ್ತಿನಲ್ಲಿ ಅವನೊಬ್ಬನ ಸಲುವಾಗಿ ಖಾಸಗಿ ಮಸೂದೆ ತರುವ ಪರಿಪಾಠವಿತ್ತು. ಆ ಕಾಟ ತಪ್ಪಿಸಿಕೊಳ್ಳಲು ಸಂಸತ್ತು 1946ರಲ್ಲಿ ಕಾನೂನು ಮಾಡಿ ಆ ಕೆಲಸವನ್ನು ಸೈನ್ಯದ ಇಲಾಖೆಗಳಿಗೆ ಒಪ್ಪಿಸಿತು. ಅದರಿಂದ ಹುಟ್ಟಿದ್ದೇ ದಾಖಲೆ ತಿದ್ದುಪಡಿ ಮಂಡಲಿಗಳು. ಸಿಪಾಯಿ ಡಿಡಿ ಫಾರಂ 149ನ್ನು ತುಂಬಿ ಅಲ್ಲಿಗೆ ಕಳಿಸಬೇಕು. ತಪ್ಪು ಕಣ್ಣಿಗೆ ಬಿದ್ದ ಮೂರು ವರ್ಷದೊಳಗೆ ಕಳಿಸಬೇಕು. ತಡವಾದರೆ ನ್ಯಾಯದ ಹಿತದೃಷ್ಟಿಯಿಂದ ಮಂಡಲಿ ಮನ್ನಿಸಬಹುದು, ಮನ್ನಿಸದೆಯೂ ಇರಬಹುದು. ಮಂಡಲಿಯಲ್ಲಿ ಕುಳಿತವರು ಸಿವಿಲಿಯನ್ನರು, ಸಭ್ಯರು. ಆದರೆ ಅವರ ಎದುರಿಗಿರುವ ಪ್ರಶ್ನೆ ‘ನಿನ್ನ ಊರು ಯಾವುದಪ್ಪಾ?’ ಎಂಬುದಲ್ಲ; ‘ಆ ದಿನ ಗುಮಾಸ್ತ ಬರೆದದ್ದು ತಪ್ಪೋ ಒಪ್ಪೋ?’ ಎಂಬುದು. ಪ್ರಶ್ನೆಯೇ ಸೊಟ್ಟಗಿರುವಲ್ಲಿ ಉತ್ತರ ನೆಟ್ಟಗಿರುವುದೆಂತು?

ಈ ಒಂದು ಸಾಲಿನಿಂದ ಹೋಗುವ ಗಂಟೇನು ಎನ್ನುವವರಿದ್ದಾರೆ. ಗಂಟೂ ಹೋಗುತ್ತದೆ, ಅದಕ್ಕಿಂತ ದೊಡ್ಡದೂ ಹೋಗುತ್ತದೆ.

ಮೊದಲು ಗಂಟಿನ ಮಾತು. ಒಂದು ಅವಧಿ ಮುಗಿಸಿ ಮನೆಗೆ ಹೊರಟ ಸಾಮಾನ್ಯ ಸಿಪಾಯಿಗೆ ಸರ್ಕಾರ ಕೊಡುವ ಪ್ರಯಾಣ ಮತ್ತು ಸಾಮಾನು ಸಾಗಣೆಯ ವೆಚ್ಚ ದಾಖಲೆಯ ಊರಿನವರೆಗೆ, ಇಲ್ಲವೆ ಅವನು ಸೇವೆಗೆ ಸೇರಿದ ಸ್ಥಳದವರೆಗೆ. ಬೇರೆಲ್ಲಿಗೋ ಹೋಗುವವನಿಗೆ ಹೋಗಬೇಡವೆನ್ನುವುದಿಲ್ಲ; ಹೆಚ್ಚಿನ ದೂರದ ಹಣ ಅವನ ಜೇಬಿನಿಂದ. ಟೆಕ್ಸಾಸ್ ರಾಜ್ಯ ತನ್ನ ಮಾಜಿ ಸೈನಿಕರಿಗೆ ಸರ್ಕಾರಿ ಕಾಲೇಜುಗಳಲ್ಲಿ 150 ಕ್ರೆಡಿಟ್ ಗಂಟೆಗಳವರೆಗೆ ಶುಲ್ಕ ವಿನಾಯಿತಿ ಕೊಡುತ್ತದೆ. ಅದಕ್ಕಿರುವ ಷರತ್ತುಗಳಲ್ಲಿ ಒಂದು ಹೀಗಿದೆ: ಟೆಕ್ಸಾಸಿನಲ್ಲಿ ಸೇವೆಗೆ ಸೇರಿರಬೇಕು, ಇಲ್ಲವೆ ಸೇರುವಾಗ ಅಲ್ಲಿಯ ನಿವಾಸಿಯಾಗಿರಬೇಕು, ಇಲ್ಲವೆ ದಾಖಲೆಯ ಊರು ಟೆಕ್ಸಾಸಿನಲ್ಲಿರಬೇಕು. ಹತ್ತು ವರ್ಷ ಹಿಂದೆ ಅವಸರದಲ್ಲಿ ಬರೆದ ಸಾಲು ಇಂದು ಕಾಲೇಜಿನ ಬಾಗಿಲಲ್ಲಿ ಬಂದು ನಿಲ್ಲುವುದು ಹೀಗೆ.

ಗಂಟಿಗಿಂತ ದೊಡ್ಡದೆಂದೆನಲ್ಲ, ಅದು ಹೆಸರಿನ ಮಾತು. ಬಿಡುಗಡೆಯ ದಿನ ಕೈಗೆ ಬರುವ ಡಿಡಿ ಫಾರಂ 214 ಸಿಪಾಯಿ ಜೀವಮಾನವಿಡೀ ತೋರಿಸಬೇಕಾದ ಕಾಗದ. ಅದರಲ್ಲೂ ಸೇರುವಾಗಿನ ದಾಖಲೆಯ ಊರಿಗೆ ಒಂದು ಅಂಕಣವಿದೆ. ಬಿಡುಗಡೆಯ ಭಾಗ್ಯವಿಲ್ಲದೆ ಸತ್ತವನ ಪಾಡು ಇನ್ನೂ ವಿಚಿತ್ರ. ವಾಷಿಂಗ್ಟನ್ನಿನಲ್ಲಿ 1982ರಲ್ಲಿ ಎದ್ದು ನಿಂತ ವಿಯೆಟ್ನಾಂ ಸ್ಮಾರಕದ ಕರಿಗಲ್ಲಿನಲ್ಲಿ 58 ಸಾವಿರಕ್ಕೂ ಹೆಚ್ಚು ಹೆಸರುಗಳಿವೆ. ಹುದ್ದೆಯಿಲ್ಲ, ಊರಿಲ್ಲ, ಬಿದ್ದ ದಿನದ ಕ್ರಮದಲ್ಲಿ ಬರಿಯ ಹೆಸರುಗಳು. ಆ ಕಲ್ಲು ದೊಡ್ಡ ಮನಸ್ಸಿನದು. ಆದರೆ ನ್ಯಾಷನಲ್ ಆರ್ಕೈವ್ಸ್ ಎಂಬ ಅಲ್ಲಿಯ ರಾಷ್ಟ್ರೀಯ ದಫ್ತರಖಾನೆ ಕೊರಿಯಾ ಮತ್ತು ವಿಯೆಟ್ನಾಂ ಯುದ್ಧಗಳಲ್ಲಿ ಮಡಿದವರನ್ನು ರಾಜ್ಯವಾರು ಪಟ್ಟಿಮಾಡಿದೆ. ಯಾವ ರಾಜ್ಯದ ಪಟ್ಟಿಗೆ ಯಾವ ಹೆಸರು ಎಂಬುದನ್ನು ನಿರ್ಧರಿಸಿದ್ದು ಇದೇ ದಾಖಲೆಯ ಊರು. ತಾಯಿ ಒಂದು ರಾಜ್ಯದಲ್ಲಿ ಅಳುತ್ತಿರಲು, ಮಗನ ಹೆಸರು ಇನ್ನೊಂದು ರಾಜ್ಯದ ಪಟ್ಟಿಯಲ್ಲಿ ಇದ್ದೀತು.

ಈ ನಿಯಮ ಯಾರನ್ನು ಹೆಚ್ಚು ಕಾಡೀತೆಂದು ಯೋಚಿಸಿರಿ. ಅಪ್ಪ ಕಟ್ಟಿದ ಮನೆ, ಅಜ್ಜನ ಹೊಲ ಇರುವವನಿಗೆ ಇದರಿಂದ ತೊಂದರೆಯಿಲ್ಲ. ಅನಾಥನಾಗಿ ಬೇರೆಯವರ ಮನೆಗಳಲ್ಲಿ ಬೆಳೆದವನಿಗೆ ಕೊನೆಯ ಸಾಕುಮನೆಯೇ ಶಾಶ್ವತ ಊರಾದೀತು. ಸಿಪಾಯಿಯ ಮಗ ಅಪ್ಪನ ವರ್ಗಾವಣೆಗಳ ಜತೆಗೆ ಐದಾರು ಕಡೆ ಬೆಳೆದು ತಾನೂ ಸಿಪಾಯಿಯಾದರೆ, ಅಪ್ಪನ ಕೊನೆಯ ಪಾಳೆಯದ ಊರು ಅವನ ಹಣೆಗೆ ಅಂಟೀತು. ವಲಸೆ ಬಂದವನಿಗೆ ಅಣ್ಣನ ಸ್ನೇಹಿತನ ಬಾಡಿಗೆ ಕೋಣೆಯೇ ದಾಖಲೆಯ ಊರಾದೀತು. ಇವರೆಲ್ಲ ಮುಂದೆ ಎಲ್ಲೋ ಮದುವೆಯಾಗಿ, ಮನೆ ಮಾಡಿ, ಮಕ್ಕಳನ್ನು ಶಾಲೆಗೆ ಸೇರಿಸಿ, ‘ಇದಪ್ಪಾ ನನ್ನ ಊರು’ ಎಂದು ಮೊದಲ ಬಾರಿಗೆ ಎದೆ ತಟ್ಟಿ ಹೇಳುವ ಹೊತ್ತಿಗೆ, ಅಂಕಣ ಅಲ್ಲವೆನ್ನುತ್ತದೆ. ಊರಿದ್ದವನಿಗೆ ಊರು, ಊರಿಲ್ಲದೆ ಬಂದು ಊರು ಗಳಿಸಿಕೊಂಡವನಿಗೆ ಬರಿಯ ವಿಳಾಸ.

ಇದೇ ಸೈನ್ಯ ಮತ್ತೇನನ್ನೆಲ್ಲ ಬದಲಾಯಿಸಲು ಬಿಡುತ್ತದೆ ಗೊತ್ತೆ? ಕೊರಳ ಬಿಲ್ಲೆಯ ಮೇಲಿನ ಧರ್ಮವನ್ನು ಬದಲಾಯಿಸಬಹುದು. ತಾನು ಸತ್ತರೆ ವಿಮೆಯ ಹಣ ಯಾರಿಗೆಂಬುದನ್ನು ಬದಲಾಯಿಸಬಹುದು. ದೇಶವನ್ನೇ ಬದಲಾಯಿಸಬಹುದು! ಹಸಿರು ಕಾರ್ಡಿನ ಪರದೇಶಿಯೂ ಆ ಸೈನ್ಯ ಸೇರಬಲ್ಲ. 2001ರ ಸೆಪ್ಟೆಂಬರ್ 11ರಿಂದ ಸೇವೆಯಲ್ಲಿದ್ದ ಅಂಥವರ ಪೌರತ್ವದ ದಾರಿಯನ್ನು ಅಧ್ಯಕ್ಷ ಬುಷ್ 2002ರ ಜುಲೈನಲ್ಲಿ ಆಜ್ಞೆ ಹೊರಡಿಸಿ ಸುಗಮಗೊಳಿಸಿದರು. ಹುಟ್ಟಿದ ದೇಶವನ್ನು ಬಿಟ್ಟು ನಮ್ಮವನಾಗು ಎಂದು ಕರೆಯುವ ಸರ್ಕಾರ, ಒಂದು ಊರು ಬಿಟ್ಟು ಇನ್ನೊಂದು ಊರಿನವನಾಗುತ್ತೇನೆಂದರೆ ಏಕೆ ಮುಖ ಗಂಟಿಕ್ಕಬೇಕು?

ಇನ್ನು ವಿರೋಧದ ಮಾತು. ಬದಲಾವಣೆಗೆ ಬಿಟ್ಟರೆ ಪ್ರತಿ ಸಿಪಾಯಿಯೂ ಬಿಡುಗಡೆಗೆ ಮುನ್ನ ಹವಾಯಿ ದ್ವೀಪವನ್ನೇ ತನ್ನ ಊರೆಂದು ಬರೆಸಿ ಸರ್ಕಾರದ ಖರ್ಚಿನಲ್ಲಿ ಸಮುದ್ರ ದಾಟುತ್ತಾನೆಂದು ಖಜಾನೆಯವರ ಭಯ. ಭಯ ಸಂಪೂರ್ಣ ಸುಳ್ಳೆಂದು ನಾನು ಹೇಳುವುದಿಲ್ಲ. ಪ್ರವಾಸ ಭತ್ಯೆಯ ಬಿಲ್ಲುಗಳನ್ನು ಓದಿದವನು ಮನುಷ್ಯ ಸ್ವಭಾವವನ್ನು ಬಲ್ಲ. ಆದರೆ ಇಪ್ಪತ್ತು ವರ್ಷ ಸೇವೆ ಮುಗಿಸಿ ನಿವೃತ್ತನಾದವನಿಗೆ ಅದೇ ಸರ್ಕಾರ ‘ಆಯ್ಕೆಯ ಊರು’ ಎಂಬ ಸವಲತ್ತು ಕೊಟ್ಟಿದೆ. ದೇಶದೊಳಗೆ ತನಗೆ ಬೇಕಾದೆಡೆ ಅವನು ಸರ್ಕಾರಿ ವೆಚ್ಚದಲ್ಲಿ ಹೋಗಿ ನೆಲೆಸಬಹುದು. ಅದರಿಂದ ಖಜಾನೆ ಮುಳುಗಲಿಲ್ಲ. ಇಪ್ಪತ್ತು ವರ್ಷದವನ ಮಾತನ್ನು ನಂಬುವ ಸರ್ಕಾರ ನಾಲ್ಕು ವರ್ಷದವನ ಪುರಾವೆಯನ್ನಾದರೂ ನೋಡಬಾರದೆ?

ಪುರಾವೆ ನೋಡುವ ವಿಧಾನವೂ ಅವರ ಬಳಿ ಸಿದ್ಧವಾಗಿಯೇ ಇದೆ. ಆದಾಯ ತೆರಿಗೆಯ ಸಲುವಾಗಿ ಸಿಪಾಯಿಗೆ ‘ಕಾನೂನುಬದ್ಧ ವಾಸದ ರಾಜ್ಯ’ ಎಂಬ ಇನ್ನೊಂದು ಅಂಕಣವಿದೆ. ಅದನ್ನು ಡಿಡಿ ಫಾರಂ 2058ರ ಮೂಲಕ ಬದಲಾಯಿಸಬಹುದು. ಅಲ್ಲಿ ನಿಜವಾಗಿ ವಾಸವಿರಬೇಕು, ಮುಂದೆಯೂ ಅಲ್ಲೇ ನೆಲೆಸುವ ಉದ್ದೇಶವಿರಬೇಕು. ಮತದಾರರ ಪಟ್ಟಿ, ಚಾಲನಾ ಪರವಾನಗಿ, ಮನೆ ಮುಂತಾದವು ಅದಕ್ಕೆ ಸಾಕ್ಷಿ. ತೆರಿಗೆಗೆ ಒಪ್ಪಿಗೆಯಾಗುವ ಸಾಕ್ಷಿ ಊರಿಗೆ ಏಕೆ ಒಪ್ಪಿಗೆಯಾಗದು?

ನಮ್ಮ ಕೇಂದ್ರ ಸರ್ಕಾರವೇನೂ ಔದಾರ್ಯಕ್ಕೆ ಹೆಸರಾದದ್ದಲ್ಲ. ಆದರೂ ಸಿವಿಲ್ ನೌಕರರ ರಜಾ ಪ್ರಯಾಣ ರಿಯಾಯಿತಿಯ 1988ರ ನಿಯಮಗಳು ‘ಸ್ವಂತ ಊರಿನ ಘೋಷಣೆ ಅಂತಿಮ’ ಎಂದು ಗುಡುಗಿ, ಅದರ ಬೆನ್ನಿಗೇ ಒಂದು ಕಿಟಕಿಯನ್ನೂ ತೆರೆದಿಟ್ಟಿವೆ: ವಿಶೇಷ ಸಂದರ್ಭದಲ್ಲಿ ಇಲಾಖೆಯ ಮುಖ್ಯಸ್ಥರು ಬದಲಾವಣೆಗೆ ಒಪ್ಪಬಹುದು, ಸೇವಾವಧಿಯಲ್ಲಿ ಒಂದೇ ಸಲ. ಅದು ಗುಮಾಸ್ತರ ನಿಯಮ, ಸಿಪಾಯಿಗಳದ್ದಲ್ಲ. ಕುರ್ಚಿಯ ಮೇಲೆ ಕುಳಿತು ದುಡಿದ ನನ್ನಂಥವರಿಗೆ ಸಲ್ಲುವ ಆ ಒಂದು ಸಲ, ಗುಂಡಿಗೆ ಎದೆಯೊಡ್ಡುವವನಿಗೆ ಏಕೆ ಸಲ್ಲದು?

ಆದುದರಿಂದ ನನ್ನ ಸಲಹೆ ಸರಳ. ಆ ಅಂಕಣದ ಮೇಲೆ ಎರಡು ಹೊರೆ ಹೊರಿಸಿದ್ದಾರೆ: ಒಂದು ಮೈಲಿಯ ಲೆಕ್ಕ, ಇನ್ನೊಂದು ಮನುಷ್ಯನ ನಂಟು. ಎರಡನ್ನೂ ಬೇರ್ಪಡಿಸಲಿ. ಹಣಕ್ಕೆ ಮಿತಿ ಬೇಕೆಂದರೆ ಹಳೆಯ ಊರಿನ ದೂರವನ್ನೇ ಮಿತಿಯಾಗಿ ಇಟ್ಟುಕೊಳ್ಳಲಿ; ಬಹುಪಾಲು ಸಿಪಾಯಿಗಳು ಅದಕ್ಕೆ ಜಗಳವಾಡಲಾರರು. ಊರಿನ ಹೆಸರನ್ನು ಮಾತ್ರ, ಪುರಾವೆ ನೋಡಿ, ಸೇವೆಯಲ್ಲಿ ಒಮ್ಮೆ ಬದಲಾಯಿಸಿಕೊಡಲಿ. ಹುಡುಗ ರುಜು ಹಾಕುವ ದಿನವೇ ಆ ಅಂಕಣದ ಭಾರವೆಷ್ಟೆಂದು ಅವನಿಗೆ ಬಾಯಿಬಿಟ್ಟು ಹೇಳಲಿ.

ದಾಖಲೆ ಸ್ಥಿರವಾಗಿರಬೇಕೆಂಬುದು ನಿಜ. ನಿಜವಾಗಿರಬೇಕೆಂಬುದು ಅದಕ್ಕೂ ಮೊದಲಿನ ಮಾತು. ಯಾವ ಊರನ್ನು ನೆನೆದು ಸಿಪಾಯಿ ಕಾವಲು ನಿಲ್ಲುತ್ತಾನೋ ಆ ಊರಿನ ಹೆಸರೇ ಅವನ ಕಾಗದದಲ್ಲಿರಲಿ. ಅವನು ಸರ್ಕಾರವನ್ನು ಕೇಳುತ್ತಿರುವುದು ಒಂದು ಸಾಲು ಶಾಯಿ. ಸರ್ಕಾರ ಅವನನ್ನು ಕೇಳಿರುವುದು ಅದಕ್ಕಿಂತ ಬಹಳ ಹೆಚ್ಚು.