ಮಗನನ್ನು ಕಳೆದುಕೊಂಡ ತಾಯಿಗೆ ಕೋರ್ಟಿನ ದಾರಿಯಲ್ಲಿ ಜೊತೆ ಯಾರು?

ನಮ್ಮ ಕರಾವಳಿಯ ಜನರಿಗೆ ಸಾವಿನ ಮನೆಗೆ ಹೋಗುವುದನ್ನು ಯಾರೂ ಕಲಿಸಬೇಕಾಗಿಲ್ಲ. ಸುದ್ದಿ ತಿಳಿದ ಗಂಟೆಯೊಳಗೆ ವಾರ್ಡಿನ ಗುರಿಕಾರರು ಬಂದಿರುತ್ತಾರೆ, ನೆರೆಮನೆಯಿಂದ ಚಾ ಬರುತ್ತದೆ, ಅಂಗಳದಲ್ಲಿ ಶಾಮಿಯಾನ ಏಳುತ್ತದೆ, ಜಾತಿ ಮತ ನೋಡದೆ ಊರೇ ಸೇರುತ್ತದೆ. ಅದು ಕೊಲೆಯಿಂದಾದ ಸಾವಾಗಿದ್ದರೆ ಪತ್ರಕರ್ತರು, ಕ್ಯಾಮರಾದವರು, ಸಾಂತ್ವನ ಹೇಳುವ ರಾಜಕೀಯ ಮುಖಂಡರು ಸಾಲಾಗಿ ಬರುತ್ತಾರೆ. ತಿಂಗಳ ಪೂಜೆ ಮುಗಿಯುವ ಹೊತ್ತಿಗೆ ಅಂಗಳ ಖಾಲಿಯಾಗಿರುತ್ತದೆ.

ಆದರೆ ಆ ಮನೆಯ ತಂದೆತಾಯಿಗೆ ಕೋರ್ಟು ಇನ್ನೂ ಆರಂಭವೇ ಆಗಿರುವುದಿಲ್ಲ. ಕೊಲೆ ಪ್ರಕರಣದಲ್ಲಿ ಆರೋಪಿ ಬಂಧನದಲ್ಲಿದ್ದರೆ ದೋಷಾರೋಪ ಪಟ್ಟಿ ಸಲ್ಲಿಸಲು ಪೊಲೀಸರಿಗೆ 90 ದಿನಗಳಿವೆ. ತಪ್ಪಿದರೆ ಆರೋಪಿಗೆ ಜಾಮೀನಿನ ಹಕ್ಕು ಬರುತ್ತದೆ. ಆ ಬಳಿಕ ಪ್ರಕರಣ ಸೆಷನ್ಸ್ ನ್ಯಾಯಾಲಯಕ್ಕೆ ಹೋಗಬೇಕು, ಆರೋಪ ನಿಗದಿಯಾಗಬೇಕು. ಸಾಕ್ಷಿ ಹೇಳಲು ಬನ್ನಿ ಎಂಬ ಸಮನ್ಸ್ ಮನೆಗೆ ಬರುವಾಗ ಎರಡೋ ನಾಲ್ಕೋ ವರ್ಷ ಕಳೆದಿರಬಹುದು. ಆಗ ಆ ತಾಯಿಯ ಜೊತೆ ಬಸ್ಸು ಹತ್ತುವವರು ಯಾರು? ನಮ್ಮ ಧರ್ಮಕೇಂದ್ರಗಳು ಕೇಳಿಕೊಳ್ಳಬೇಕಾದ ಪ್ರಶ್ನೆ ಇದು.

ಮೊದಲಿಗೆ ಒಂದು ವಿಷಯ ಸ್ಪಷ್ಟವಾಗಬೇಕು. ಕ್ರಿಮಿನಲ್ ಮೊಕದ್ದಮೆಯಲ್ಲಿ ಮಗನನ್ನು ಕಳೆದುಕೊಂಡ ತಂದೆತಾಯಿ ವಾದಿಗಳಲ್ಲ. ಮೊಕದ್ದಮೆ ನಡೆಸುವುದು ಸರಕಾರ, ವಾದಿಸುವುದು ಸರಕಾರಿ ಅಭಿಯೋಜಕರು. ತಾಯಿ ಕೇವಲ ಒಬ್ಬ ಸಾಕ್ಷಿ, ಪಟ್ಟಿಯಲ್ಲಿ ಒಂದು ನಂಬರು. ತನ್ನ ಸಾಕ್ಷ್ಯ ಮುಗಿಯುವ ತನಕ ಇತರರ ಸಾಕ್ಷ್ಯ ಕೇಳಬಾರದೆಂದು ಆಕೆಯನ್ನು ಹೊರಗೆ ಕೂರಿಸುವುದೂ ಉಂಟು. ಆರೋಪಿ ಒಳಗೆ, ತಾಯಿ ವರಾಂಡದಲ್ಲಿ. ಸಾಕ್ಷ್ಯ ಕೆಡಬಾರದೆಂಬ ಕಾರಣ ಈ ನಿಯಮಕ್ಕಿದೆ. ಅದನ್ನು ಮೊದಲೇ ಯಾರಾದರೂ ವಿವರಿಸಿ ಹೇಳಿದ್ದರೆ ಆಕೆ ಅದನ್ನು ಅವಮಾನವೆಂದು ತಿಳಿಯುವುದಿಲ್ಲ.

ಈ ದಾರಿ ಎಷ್ಟು ಉದ್ದವೆಂದು ತಿಳಿಯಲು ದೆಹಲಿಯ ನೀಲಂ ಕಟಾರಾ ಅವರ ಹೋರಾಟವನ್ನು ನೋಡಬೇಕು. ಅವರ ಮಗ ನಿತೀಶ್‌ನನ್ನು 2002ರ ಫೆಬ್ರವರಿಯಲ್ಲಿ ಗಾಜಿಯಾಬಾದ್‌ನ ಒಂದು ಮದುವೆ ಸಮಾರಂಭದಿಂದ ಕರೆದೊಯ್ದು ಕೊಂದು, ದೇಹವನ್ನು ಸುಡಲಾಯಿತು. ಆರೋಪಿಗಳು ಪ್ರಬಲ ರಾಜಕಾರಣಿಯ ಕುಟುಂಬದವರು. ಉತ್ತರ ಪ್ರದೇಶದಲ್ಲಿ ನ್ಯಾಯಯುತ ವಿಚಾರಣೆ ಕಷ್ಟವೆಂದು ಈ ತಾಯಿ ಸುಪ್ರೀಂ ಕೋರ್ಟಿಗೆ ಹೋದ ಮೇಲೆ ಪ್ರಕರಣ ದೆಹಲಿಗೆ ವರ್ಗವಾಯಿತು. ಹಲವು ಸಾಕ್ಷಿಗಳು ತಿರುಗಿಬಿದ್ದರು. ಸಾಕ್ಷಿಗಳಿಗೆ ರಕ್ಷಣೆ ಬೇಕೆಂದು ಅವರು ಸಲ್ಲಿಸಿದ ಅರ್ಜಿಯಲ್ಲೇ ದೆಹಲಿ ಹೈಕೋರ್ಟ್ 2003ರಲ್ಲಿ ಮಾರ್ಗಸೂಚಿಗಳನ್ನು ನೀಡಿತು. ಇಡೀ ದೇಶಕ್ಕೆ ಅನ್ವಯವಾಗುವ ಸಾಕ್ಷಿ ರಕ್ಷಣಾ ಯೋಜನೆಗೆ ಸುಪ್ರೀಂ ಕೋರ್ಟ್ ಒಪ್ಪಿಗೆ ಕೊಟ್ಟದ್ದು 2018ರಲ್ಲಿ. ಕೆಳ ನ್ಯಾಯಾಲಯದ ತೀರ್ಪು 2008ರಲ್ಲಿ ಬಂತು, ಶಿಕ್ಷೆಯ ಪ್ರಮಾಣ ಸುಪ್ರೀಂ ಕೋರ್ಟಿನಲ್ಲಿ ಅಂತಿಮವಾದದ್ದು 2016ರಲ್ಲಿ. ಅಲ್ಲಿಗೂ ಮುಗಿಯಲಿಲ್ಲ. ಅಪರಾಧಿಗಳ ಮಧ್ಯಂತರ ಜಾಮೀನು, ಬಿಡುಗಡೆಯ ಅರ್ಜಿಗಳು 2025ರಲ್ಲೂ ನ್ಯಾಯಾಲಯದ ಮುಂದೆ ಬಂದವು. ಇಪ್ಪತ್ತಮೂರು ವರ್ಷ! ಇಂಗ್ಲಿಷ್ ಬಲ್ಲ, ರಾಜಧಾನಿಯಲ್ಲಿ ವಾಸಿಸುವ ಒಬ್ಬ ತಾಯಿಯ ಕತೆಯೇ ಹೀಗಿದ್ದರೆ, ಬೀಡಿ ಕಟ್ಟಿ ಮಕ್ಕಳನ್ನು ಸಾಕಿದ ನಮ್ಮೂರ ತಾಯಿಯ ಪಾಡೇನು?

ಈ ವರ್ಷಗಳಲ್ಲಿ ಕಾನೂನು ಸಾಕಷ್ಟು ಬದಲಾಗಿದೆ ಎಂಬುದನ್ನೂ ಹೇಳಬೇಕು. ಆದರೆ ಆ ಬದಲಾವಣೆ ನಮ್ಮ ಮನೆಗಳನ್ನು ತಲುಪಿಲ್ಲ. 2009ರ ಕೊನೆಯಲ್ಲಿ ಜಾರಿಗೆ ಬಂದ ತಿದ್ದುಪಡಿಯಿಂದ 'ಸಂತ್ರಸ್ತರು' ಎಂಬ ಪದ ದಂಡ ಪ್ರಕ್ರಿಯಾ ಸಂಹಿತೆಯೊಳಗೆ ಬಂತು. ಮೃತರ ವಾರಸುದಾರರೂ ಅದರಲ್ಲಿ ಸೇರುತ್ತಾರೆ. 2024ರ ಜುಲೈ 1ರಿಂದ ಜಾರಿಯಾದ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆ ಇದನ್ನು ಇನ್ನಷ್ಟು ಮುಂದಕ್ಕೆ ಒಯ್ದಿದೆ. ಎಫ್‌ಐಆರ್ ಪ್ರತಿಯನ್ನು ಉಚಿತವಾಗಿ ಕೊಡಬೇಕು. ತನಿಖೆ ಎಲ್ಲಿಗೆ ಬಂತೆಂದು 90 ದಿನಗಳೊಳಗೆ ಪೊಲೀಸರು ತಿಳಿಸಬೇಕು. ಸಂತ್ರಸ್ತರ ಪರ ವಕೀಲರಿದ್ದರೆ ದೋಷಾರೋಪ ಪಟ್ಟಿಯ ಪ್ರತಿ ಅವರಿಗೂ ಸಿಗಬೇಕು. ಸರಕಾರ ಮೊಕದ್ದಮೆ ಹಿಂಪಡೆಯಲು ಹೊರಟರೆ ಸಂತ್ರಸ್ತರ ಮಾತು ಕೇಳದೆ ನ್ಯಾಯಾಲಯ ಒಪ್ಪುವಂತಿಲ್ಲ. ಲಖೀಂಪುರ ಖೇರಿ ಪ್ರಕರಣದಲ್ಲಿ 2022ರ ಏಪ್ರಿಲ್‌ನಲ್ಲಿ ಸುಪ್ರೀಂ ಕೋರ್ಟ್, ತನಿಖೆಯ ಹಂತದಿಂದಲೇ ಸಂತ್ರಸ್ತರಿಗೆ ತಮ್ಮ ಮಾತು ಹೇಳುವ ಹಕ್ಕಿದೆ ಎಂದು ಸಾರಿ, ಆ ಹಕ್ಕನ್ನು ಕಡೆಗಣಿಸಿ ನೀಡಿದ್ದ ಜಾಮೀನನ್ನು ರದ್ದುಗೊಳಿಸಿತು.

ಇನ್ನೊಂದು ಸಂಗತಿ ನಮ್ಮ ಪಾಲನಾ ಸಮಿತಿಗಳಲ್ಲಿ ಎಷ್ಟು ಜನರಿಗೆ ಗೊತ್ತು? 1987ರ ಕಾನೂನು ಸೇವಾ ಪ್ರಾಧಿಕಾರಗಳ ಕಾಯ್ದೆಯಂತೆ ಮಹಿಳೆಯರಿಗೆ ಆದಾಯದ ಮಿತಿಯಿಲ್ಲದೆ ಉಚಿತ ವಕೀಲರ ನೆರವು ಸಿಗುತ್ತದೆ. ಅಂದರೆ ಯಾವ ತಾಯಿಯೂ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರಕ್ಕೆ ಅರ್ಜಿ ಕೊಡಬಹುದು. ಹಾಗೆ ನೇಮಕಗೊಂಡ ವಕೀಲರು ನ್ಯಾಯಾಲಯದ ಅನುಮತಿಯೊಂದಿಗೆ ಸರಕಾರಿ ಅಭಿಯೋಜಕರಿಗೆ ಸಹಾಯ ಮಾಡಬಹುದು, ಕೊನೆಯಲ್ಲಿ ಲಿಖಿತ ವಾದವನ್ನೂ ಸಲ್ಲಿಸಬಹುದು. ಮನೆಯಲ್ಲಿದ್ದ ಚಿನ್ನ ಅಡವಿಟ್ಟು ದೊಡ್ಡ ವಕೀಲರನ್ನು ಹುಡುಕುವ ಮೊದಲು ಇದನ್ನು ಯಾರಾದರೂ ಹೇಳಬೇಕಲ್ಲವೇ?

ಈಗ ಸಾಕ್ಷ್ಯದ ದಿನದ ವಿಚಾರ. ಅಂದು ತಾಯಿಯ ಮುಂದೆ ಮುದ್ದೆಮಾಲು ಬಿಚ್ಚುತ್ತಾರೆ. ಮೊಹರು ಮಾಡಿದ ಕಟ್ಟಿನಿಂದ ಮಗನ ಅಂಗಿ, ಚಪ್ಪಲಿ, ಕೈಗಡಿಯಾರ ಹೊರಬರುತ್ತವೆ. ಇದು ನಿಮ್ಮ ಮಗನದ್ದೇ ಎಂದು ಕೇಳುತ್ತಾರೆ. ಆ ಬಟ್ಟೆಯನ್ನು ಆಕೆ ಕೊನೆಯ ಬಾರಿ ನೋಡಿದ್ದು ಶವಾಗಾರದಲ್ಲಿ ಇರಬಹುದು. ಅದರ ಬೆನ್ನಿಗೇ ಪಾಟೀ ಸವಾಲು. ನಿಮ್ಮ ಮಗ ಕುಡಿಯುತ್ತಿದ್ದನಂತೆ, ಅವನಿಗೆ ಸಾಲವಿತ್ತಂತೆ, ಪೊಲೀಸರಿಗೆ ಅಂದು ನೀವು ಹೀಗೆ ಹೇಳಿರಲಿಲ್ಲವಂತೆ. ಆರೋಪಿಯ ವಕೀಲರು ಕೇಳುವುದು ಅವರ ಕರ್ತವ್ಯ, ಅದರ ಮೇಲೆ ಸಿಟ್ಟಾಗಿ ಪ್ರಯೋಜನವಿಲ್ಲ. ಆದರೆ ಇಂಥ ಪ್ರಶ್ನೆ ಬರುತ್ತದೆ, ಗೊತ್ತಿಲ್ಲದ್ದಕ್ಕೆ ಗೊತ್ತಿಲ್ಲ ಎನ್ನಬಹುದು, ನೀರು ಕೇಳಬಹುದು, ಪ್ರಶ್ನೆ ಅರ್ಥವಾಗದಿದ್ದರೆ ಮತ್ತೊಮ್ಮೆ ಕೇಳಿ ಎನ್ನಬಹುದು ಎಂದು ಮುಂಚಿತವಾಗಿ ತಿಳಿಸುವುದು ತಪ್ಪಲ್ಲ. ತಪ್ಪಾಗುವುದು ಏನು ಹೇಳಬೇಕೆಂದು ಹೇಳಿಕೊಡುವುದು. ಜೊತೆಗೆ ಹೋಗುವವರು, ಅವರು ಧರ್ಮಭಗಿನಿಯಾಗಲಿ, ವಿನ್ಸೆಂಟ್ ದೆ ಪಾವ್ಲ್ ಸಭೆಯ ಸದಸ್ಯರಾಗಲಿ, ಈ ಗೆರೆಯನ್ನು ದಾಟಬಾರದು. ಪ್ರೀತಿಯಿಂದ ಸೇರಿಸಿದ ಒಂದು ಸುಳ್ಳು ಮಾತು ಇಡೀ ಮೊಕದ್ದಮೆಯನ್ನು ಕೆಡಿಸಬಲ್ಲದು.

ಜೊತೆಗಾರರ ಉಳಿದ ಕೆಲಸ ಬಹಳ ಸಣ್ಣದು. ಬುತ್ತಿ, ಬಿಪಿಯ ಮಾತ್ರೆ, ಹಿಂತಿರುಗುವ ವಾಹನ. ಮನೆಯಲ್ಲಿ ಉಳಿದ ಮಕ್ಕಳನ್ನು ನೋಡಿಕೊಳ್ಳಲು ಯಾರಾದರೂ. ದಿನವಿಡೀ ಕಾದು ಸಂಜೆ ನಾಲ್ಕಕ್ಕೆ 'ಮುಂದಿನ ವಾಯಿದೆ' ಎಂದು ತಿಳಿದಾಗ ಪಕ್ಕದಲ್ಲಿ ಒಬ್ಬರು. ಪ್ರಕರಣಕ್ಕೆ ಸಿಎನ್‌ಆರ್ ಎಂಬ 16 ಅಕ್ಷರ-ಅಂಕೆಗಳ ಸಂಖ್ಯೆ ಇರುತ್ತದೆ. ಅದನ್ನು ಇ-ಕೋರ್ಟ್ಸ್ ಜಾಲತಾಣದಲ್ಲಿ ಹಾಕಿದರೆ ಮುಂದಿನ ದಿನಾಂಕ ತಿಳಿಯುತ್ತದೆ. ಇದನ್ನು ನೋಡಿ ಹೇಳುವ ಕೆಲಸವನ್ನು ಯುವಕ ಸಂಘದ ಒಬ್ಬ ಹುಡುಗನಿಗೆ ಒಪ್ಪಿಸಿದರೂ ಸಾಕು.

ಕ್ಷಮೆಯ ಬಗ್ಗೆಯೂ ಮಾತಾಡಲೇಬೇಕು, ಏಕೆಂದರೆ ನಮ್ಮವರು ಅದನ್ನು ಬಹಳ ಬೇಗ ಬಾಯಿಗೆ ತರುತ್ತಾರೆ. ಗ್ಲಾಡಿಸ್ ಸ್ಟೇನ್ಸ್ ಅವರ ಉದಾಹರಣೆ ಎಲ್ಲರಿಗೂ ಗೊತ್ತು. 1999ರ ಜನವರಿಯಲ್ಲಿ ಒಡಿಶಾದ ಮನೋಹರಪುರದಲ್ಲಿ ಅವರ ಪತಿ ಗ್ರಹಾಂ ಹಾಗೂ ಇಬ್ಬರು ಪುಟ್ಟ ಗಂಡುಮಕ್ಕಳನ್ನು ಜೀಪಿನಲ್ಲೇ ಸುಡಲಾಯಿತು. ಅವರು ಕೊಲೆಗಾರರನ್ನು ಕ್ಷಮಿಸಿದರು. ಆದರೆ ಆ ಕ್ಷಮೆಯಿಂದ ಮೊಕದ್ದಮೆ ನಿಲ್ಲಲಿಲ್ಲ, ನಿಲ್ಲಬೇಕಾಗಿಯೂ ಇರಲಿಲ್ಲ. 2003ರಲ್ಲಿ ದಾರಾ ಸಿಂಗ್‌ಗೆ ಮರಣದಂಡನೆ, 2005ರಲ್ಲಿ ಹೈಕೋರ್ಟಿನಿಂದ ಅದು ಜೀವಾವಧಿಗೆ ಇಳಿಕೆ, 2011ರಲ್ಲಿ ಸುಪ್ರೀಂ ಕೋರ್ಟಿನ ಸಮ್ಮತಿ. ಕ್ಷಮೆ ಆ ತಾಯಿಯದ್ದು, ವಿಚಾರಣೆ ಸರಕಾರದ್ದು. ಹೀಗಿರುವಾಗ ಅವರ ಹೆಸರು ಹೇಳಿ ಮತ್ತೊಬ್ಬ ತಾಯಿಯನ್ನು 'ನೀನೂ ಕ್ಷಮಿಸಿಬಿಡು, ಕೋರ್ಟು ಕಚೇರಿ ಯಾಕೆ' ಎನ್ನುವುದು ನಮ್ಮ ದೃಷ್ಟಿಯಲ್ಲಿ ಕ್ರೌರ್ಯ. ಕೊಲೆ ಪ್ರಕರಣ ಕಾನೂನಿನ ಪ್ರಕಾರ ರಾಜಿಗೆ ಬರುವಂಥದ್ದೂ ಅಲ್ಲ. ಹಾಗಿದ್ದೂ ರಾಜಿಯ ಮಾತು ಎತ್ತುವವರು ಸಾಕ್ಷಿಗಳನ್ನು ಸುಮ್ಮನಾಗಿಸಲು ಬರುತ್ತಾರೆಯೇ ಹೊರತು ಶಾಂತಿಗಾಗಿ ಅಲ್ಲ.

ಆರೋಪಿಯೂ ಅದೇ ಧರ್ಮಕೇಂದ್ರದವನಾಗಿದ್ದರೆ? ಇದು ಅಪರೂಪವೇನಲ್ಲ. ಅವನಿಗೂ ತಾಯಿ ಇದ್ದಾಳೆ, ಅವಳೂ ಅದೇ ಬೆಂಚಿನಲ್ಲಿ ಕೂರುತ್ತಾಳೆ. ತೀರ್ಪು ಬರುವ ತನಕ ಅವನು ಆರೋಪಿ ಮಾತ್ರ. ಜಾಮೀನಿಗೆಂದು ಗುಣನಡತೆಯ ಪತ್ರ ಕೇಳಿಕೊಂಡು ಆ ಮನೆಯವರು ಧರ್ಮಗುರುಗಳ ಬಳಿ ಬಂದಾಗ ಸಂಕಟ ಶುರುವಾಗುತ್ತದೆ. ಎರಡೂ ಮನೆಗೆ ಭೇಟಿ ಕೊಡಬೇಕು, ಅದರಲ್ಲಿ ಸಂದೇಹವಿಲ್ಲ. ಪತ್ರ ಮಾತ್ರ ಬೇಡವೆಂಬುದು ನಮ್ಮ ಅಭಿಪ್ರಾಯ. ಧರ್ಮಕೇಂದ್ರದ ಮುದ್ರೆಯಿರುವ ಆ ಕಾಗದವನ್ನು ನ್ಯಾಯಾಲಯದಲ್ಲಿ ಓದಿದಾಗ, ಸತ್ತವನ ತಾಯಿಗೆ ಚರ್ಚೇ ಎದುರು ಕಡೆ ನಿಂತಂತೆ ಕಾಣುತ್ತದೆ.

ಕೊನೆಗೆ ತೀರ್ಪು. ಅದು ಖುಲಾಸೆಯೂ ಆಗಬಹುದು. ಬೆಳ್ತಂಗಡಿ ತಾಲೂಕಿನಲ್ಲಿ 2012ರಲ್ಲಿ ಕಾಲೇಜು ವಿದ್ಯಾರ್ಥಿನಿಯೊಬ್ಬಳ ಅತ್ಯಾಚಾರ, ಕೊಲೆಯಾಯಿತು. ಆ ಪ್ರಕರಣದ ಆರೋಪಿ 2023ರ ಜೂನ್‌ನಲ್ಲಿ ಖುಲಾಸೆಯಾದ. ಹಾಗಾದರೆ ಕೊಂದವರು ಯಾರು ಎಂಬ ಪ್ರಶ್ನೆಯೊಂದಿಗೆ ಒಂದು ಕುಟುಂಬ ಉಳಿಯಿತು, ಮಾಡದ ತಪ್ಪಿಗೆ ವರ್ಷಗಟ್ಟಲೆ ಆರೋಪ ಹೊತ್ತ ಇನ್ನೊಂದು ಕುಟುಂಬವೂ ಉಳಿಯಿತು. ಖುಲಾಸೆಯ ವಿರುದ್ಧ ಸರಕಾರವನ್ನು ಕಾಯದೆ ಸಂತ್ರಸ್ತರೇ ಮೇಲ್ಮನವಿ ಸಲ್ಲಿಸಬಹುದು. ಅದಕ್ಕೆ ಹೈಕೋರ್ಟಿನ ಪೂರ್ವಾನುಮತಿ ಬೇಕಿಲ್ಲವೆಂದು ಸುಪ್ರೀಂ ಕೋರ್ಟ್ 2018ರಲ್ಲಿ ಹೇಳಿದ್ದು ನಮ್ಮ ಕರ್ನಾಟಕದ್ದೇ ಆದ ಮಲ್ಲಿಕಾರ್ಜುನ ಕೊಡಗಲಿ ಪ್ರಕರಣದಲ್ಲಿ. ಶಿಕ್ಷೆ ಕಡಿಮೆಯಾಯಿತೆಂಬ ಕಾರಣಕ್ಕೆ ಮಾತ್ರ ಈ ಹಕ್ಕು ಸಿಗದು. ಮೇಲ್ಮನವಿಗೆ ಗಡುವು ಇರುವುದರಿಂದ ತೀರ್ಪಿನ ದೃಢೀಕೃತ ಪ್ರತಿಗೆ ಕೂಡಲೇ ಅರ್ಜಿ ಹಾಕಬೇಕು. ಪರಿಹಾರಕ್ಕೂ ಖುಲಾಸೆ ಅಡ್ಡಿಯಲ್ಲ: ಆರೋಪಿ ಬಿಡುಗಡೆಯಾದರೂ, ಅಪರಾಧಿ ಪತ್ತೆಯೇ ಆಗದಿದ್ದರೂ ಸಂತ್ರಸ್ತರ ಪರಿಹಾರ ಯೋಜನೆಯಡಿ ನೆರವು ನೀಡಲು ಕಾನೂನಿನಲ್ಲಿ ಅವಕಾಶವಿದೆ. ಅರ್ಜಿ ಕೊಡಬೇಕಾದದ್ದು ಅದೇ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರಕ್ಕೆ. ತೀರ್ಪಿನ ದಿನ ಸಂಜೆ ಆ ಮನೆಯಲ್ಲಿ ಯಾರಿಗೂ ಇದೆಲ್ಲ ನೆನಪಿಗೆ ಬರುವುದಿಲ್ಲ. ಮರುದಿನ ಬೆಳಿಗ್ಗೆ ಗುರಿಕಾರರು ಹೋಗುವಾಗ ಅರ್ಜಿಯ ನಮೂನೆಯನ್ನು ಜೊತೆಗೇ ಒಯ್ಯಲಿ.